ಸುಟ್ಟದ್ದು ಗೊತ್ತಾಗದ ಪಾದ: ಅಡಿಕೆ ಅಂಗಳದ ಒಂದು ಪ್ರಕರಣ ಅಧ್ಯಯನ

ಕಾರ್ಕಳ ತಾಲೂಕಿನ ಹಳ್ಳಿಯೊಂದರ 58 ವರ್ಷದ ಅಡಿಕೆ ಕೃಷಿಕರು ಮಾರ್ಚ್ ತಿಂಗಳಲ್ಲಿ ಉಡುಪಿಯ ಆಸ್ಪತ್ರೆಗೆ ಬಂದಾಗ ಎಡಗಾಲಿಗೆ ಹಳೆಯ ಪಂಚೆಯ ತುಂಡು ಸುತ್ತಿಕೊಂಡಿದ್ದರು. ನಡಿಗೆಯಲ್ಲಿ ಕುಂಟು ಇರಲಿಲ್ಲ. ಬಟ್ಟೆ ಬಿಚ್ಚಿದರೆ ಹೆಬ್ಬೆರಳ ಬುಡದ ಕೆಳಗೆ, ಅಂಗಾಲಿನ ದಪ್ಪ ಭಾಗದಲ್ಲಿ, ಸತ್ತ ಚರ್ಮದಡಿಯಿಂದ ಕೀವು ಇಳಿಯುತ್ತಿತ್ತು. "ಎಂಥ ನೋವೂ ಇಲ್ಲ ಡಾಕ್ಟ್ರೇ, ಮಗಳು ಒತ್ತಾಯ ಮಾಡಿದ್ದಕ್ಕೆ ಬಂದದ್ದು" ಎಂದರು. ಒಂಬತ್ತು ದಿನ ಅವರನ್ನು ಮನೆಯಲ್ಲೇ ಉಳಿಸಿದ್ದು ಇದೇ ಮಾತು.

ಕರಾವಳಿಯಲ್ಲಿ ಮತ್ತೆ ಮತ್ತೆ ಕಾಣುವ ಇಂಥ ಹಲವರ ವಿವರಗಳನ್ನು ಹೆಣೆದು ಇಲ್ಲಿ ಒಬ್ಬರದೆಂಬಂತೆ ಬರೆದಿದೆ. ಔಷಧದ ಪ್ರಮಾಣಗಳು ಈ ವ್ಯಕ್ತಿಯ ತೂಕ, ಮೂತ್ರಪಿಂಡ, ಕಲ್ಚರ್ (ಹುಣ್ಣಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿ ನೋಡಿ ನಿಗದಿಯಾದವು. ಅವನ್ನು ನಕಲು ಮಾಡಬೇಡಿ. ನಕಲು ಮಾಡಬೇಕಾದದ್ದು ಪಾದ ನೋಡುವ ಕ್ರಮವನ್ನು.

ಅಂಗಳದಲ್ಲಿ ಆದದ್ದು

ಚಾಲಿ ಅಡಿಕೆ, ಅಂದರೆ ಹಣ್ಣಾದ ಮೇಲೆ ಬಿಸಿಲಿಗೆ ಹಾಕುವ ಅಡಿಕೆ, ಒಣಗಲು ಸುಮಾರು 40 ರಿಂದ 45 ದಿನದ ಬಿಸಿಲು ಬೇಕು. ಒಂದೇ ಮಗ್ಗುಲು ಒಣಗಬಾರದೆಂದು ಆಗಾಗ ಮಗುಚಬೇಕು, ಅನೇಕರು ಅದನ್ನು ಕಾಲಿನಿಂದಲೇ ಎಳೆಯುತ್ತಾ ಮಾಡುತ್ತಾರೆ. ಅಡಿಕೆಯ ಮೇಲೆ ಚಪ್ಪಲಿ ಕಾಲಿಡಬಾರದೆಂಬ ಭಾವನೆಯೂ ಇದೆ. ಈ ಕೃಷಿಕರು ಮಧ್ಯಾಹ್ನ ಒಂದು ಗಂಟೆಗೆ ಸಿಮೆಂಟ್ ಅಂಗಳಕ್ಕೆ ಇಳಿದು ಅರ್ಧ ಗಂಟೆ ಅಡಿಕೆ ಮಗುಚಿದರು. ಗಾಳಿಯ ಉಷ್ಣತೆ 34 ಡಿಗ್ರಿ ಇದ್ದ ದಿನವೂ ನೇರ ಬಿಸಿಲು ಬಿದ್ದ ಸಿಮೆಂಟ್ ಅಥವಾ ಕಲ್ಲು 50 ಡಿಗ್ರಿ ದಾಟುವುದು ಅಪರೂಪವಲ್ಲ. ತೆಳು ಚರ್ಮಕ್ಕೆ 49 ಡಿಗ್ರಿಯ ಸ್ಪರ್ಶ ಹತ್ತು ನಿಮಿಷದ ಆಸುಪಾಸಿನಲ್ಲಿ ಸುಟ್ಟ ಗಾಯ ಮಾಡುತ್ತದೆ, 55 ಡಿಗ್ರಿಗೆ ಸುಮಾರು 30 ಸೆಕೆಂಡು ಸಾಕು, 60 ಡಿಗ್ರಿಗೆ 5 ಸೆಕೆಂಡು. ಅಂಗಾಲಿನ ಚರ್ಮ ದಪ್ಪವಿರುವುದರಿಂದ ಸ್ವಲ್ಪ ಹೆಚ್ಚು ತಡೆಯುತ್ತದೆ. ಆದರೆ ನಮ್ಮನ್ನು ನಿಜವಾಗಿ ಕಾಯುವುದು ಆ ದಪ್ಪವಲ್ಲ. ಕಾಲು ಬಿಸಿಯಾದ ಕೂಡಲೇ ನಾವು ಅರಿಯದೆಯೇ ಹೆಜ್ಜೆ ಬದಲಿಸುತ್ತೇವೆ, ನೆರಳಿಗೆ ಓಡುತ್ತೇವೆ. ಅವರು ಓಡಲಿಲ್ಲ, ಏಕೆಂದರೆ ಅವರ ಪಾದ ಏನನ್ನೂ ಹೇಳಲಿಲ್ಲ.

ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಆ ಬಾಯಿ ಕಟ್ಟಿತ್ತು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ನರಗಳೂ ಅವುಗಳಿಗೆ ರಕ್ತ ಕೊಡುವ ಸೂಕ್ಷ್ಮ ನಾಳಗಳೂ ಕೆಡುತ್ತವೆ. ಉದ್ದದ ನರಗಳ ತುದಿ ಮೊದಲು ಸಾಯುತ್ತದೆ, ಆದ್ದರಿಂದ ಕಾಲ್ಬೆರಳಿನಿಂದ ಶುರುವಾಗಿ ಎರಡೂ ಕಾಲಿಗೆ ಕಾಲುಚೀಲ ಹಾಕಿದಂತೆ ಜೋಮು ಮೇಲೇರುತ್ತದೆ. ಇದರಲ್ಲಿ ಮೂರು ಬಗೆಯ ನರಗಳಿಗೆ ಪೆಟ್ಟು ಬೀಳುತ್ತದೆ. ಸಂವೇದನೆಯ ನರ ಹೋದರೆ ಬಿಸಿ, ಮುಳ್ಳು, ಕಲ್ಲು ತಿಳಿಯುವುದಿಲ್ಲ. ಪಾದದ ಸಣ್ಣ ಸ್ನಾಯುಗಳ ನರ ಹೋದರೆ ಬೆರಳುಗಳು ಕೊಕ್ಕೆಯಂತೆ ಬಾಗಿ, ಭಾರವೆಲ್ಲ ಬೆರಳ ಬುಡದ ಮೂಳೆಗಳ ಮೇಲೆ ಕೂರುತ್ತದೆ. ಬೆವರಿನ ನರ ಹೋದರೆ ಪಾದ ಒಣಗಿ ಹಿಮ್ಮಡಿ ಒಡೆಯುತ್ತದೆ, ಒಡಕು ಸೋಂಕಿಗೆ ಬಾಗಿಲಾಗುತ್ತದೆ. ಈ ಮೂರೂ ಅವರಲ್ಲಿದ್ದವು. ರಾತ್ರಿ ಪಾದ ಉರಿಯುತ್ತಿದ್ದುದು ಎರಡು ವರ್ಷದ ಹಿಂದೆ ತಾನಾಗಿ ನಿಂತಿತ್ತು. ಮನೆಯವರು ಅದನ್ನು ಗುಣವಾಯಿತೆಂದು ತಿಳಿದಿದ್ದರು. ಉರಿಯುವಷ್ಟೂ ನರ ಉಳಿದಿರಲಿಲ್ಲ ಎಂಬುದು ನಿಜ ಸಂಗತಿ.

ಅಡಿಕೆ ಅಂಗಳ ಒಂದು ಉದಾಹರಣೆ ಮಾತ್ರ. ಏಪ್ರಿಲ್, ಮೇ ತಿಂಗಳ ಜಾತ್ರೆಯಲ್ಲಿ ಬಿಸಿಲಿಗೆ ಕಾದ ರಥಬೀದಿಯ ನೆಲ, ದೇವಸ್ಥಾನದ ಪ್ರದಕ್ಷಿಣೆಯ ಹಾಸುಗಲ್ಲು, ಬೈಕಿನ ಸೈಲೆನ್ಸರ್, ಬಸ್ಸಿನ ಎಂಜಿನ್ ಪಕ್ಕದ ಸೀಟು, ಬಚ್ಚಲ ಹಂಡೆಯ ನೀರು, ಇವೆಲ್ಲ ಇದೇ ಗಾಯವನ್ನು ಮಾಡುತ್ತವೆ.

ಮನೆಯ ಒಂಬತ್ತು ದಿನ

ಸಂಜೆ ಕಾಲು ತೊಳೆಯುವಾಗ ಎರಡೂ ಅಂಗಾಲಿನಲ್ಲಿ ನೀರು ತುಂಬಿದ ಬೊಕ್ಕೆಗಳು ಕಂಡವು. ಸುಟ್ಟು ಐದು ಗಂಟೆ ಕಳೆದಿತ್ತು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯುವುದು ಅತ್ಯುತ್ತಮ ಪ್ರಥಮ ಚಿಕಿತ್ಸೆ, ಮೊದಲ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಮಂಜುಗಡ್ಡೆ ಇಡಬಾರದು. ಇವರ ಪಾಲಿಗೆ ಆ ಹೊತ್ತು ಮೀರಿತ್ತು, ಗೊತ್ತೇ ಆಗದ ಗಾಯಕ್ಕೆ ಪ್ರಥಮ ಚಿಕಿತ್ಸೆ ಮಾಡುವುದಾದರೂ ಹೇಗೆ. ಬೊಕ್ಕೆಗೆ ಒಣ ಶುದ್ಧ ಬಟ್ಟೆ ಕಟ್ಟಿ, ಕಾಲು ಊರದೆ, ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಂದಿದ್ದರೂ ಈ ಬರಹ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಅದರ ಬದಲು ಹೊಲಿಗೆ ಸೂಜಿಯಿಂದ ಬೊಕ್ಕೆ ಒಡೆದರು. ಒಡೆಯದ ಬೊಕ್ಕೆಯ ಚರ್ಮ ತಾನೇ ಒಂದು ಬ್ಯಾಂಡೇಜು. ಅದಕ್ಕೆ ತೂತು ಬಿದ್ದರೆ ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಒಳಗಿಳಿಯುತ್ತದೆ. ಎರಡನೆಯ ದಿನ ಅರಿಶಿನ, ತೆಂಗಿನೆಣ್ಣೆ ಕಲಸಿ ಹಚ್ಚಿದರು. ಅರಿಶಿನದ ಬಗ್ಗೆ ಜಗಳ ಮಾಡುವ ಅಗತ್ಯವಿಲ್ಲ, ಆದರೆ ತೆರೆದ ಹುಣ್ಣಿನ ಮೇಲೆ ಅಡುಗೆಮನೆಯ ಪುಡಿ ಬೇಡ ಎನ್ನಲು ಗಟ್ಟಿ ಕಾರಣವಿದೆ: ಅದು ಶುದ್ಧೀಕರಿಸಿದ ವಸ್ತುವಲ್ಲ, ಒಣಗಿ ಹೆಕ್ಕಳೆ ಕಟ್ಟಿ ಕೀವನ್ನು ಒಳಗೇ ಮುಚ್ಚುತ್ತದೆ, ಹಳದಿ ಬಣ್ಣದಡಿ ಚರ್ಮ ಕೆಂಪಾದುದು ಕಾಣುವುದಿಲ್ಲ. ನಾಲ್ಕನೆಯ ದಿನದಿಂದ ಉಪ್ಪು ಹಾಕಿದ ಬಿಸಿನೀರಿನಲ್ಲಿ ಪಾದ ಇಟ್ಟು ಕೂತರು. ಬಿಸಿ ತಿಳಿಯದ ಕಾಲೇ ನೀರಿನ ಬಿಸಿ ನೋಡಿದ್ದು! ಜೊತೆಗೆ, ಬಹಳ ಹೊತ್ತು ನೆನೆದ ಚರ್ಮ ಬೆಂದಂತಾಗಿ ಬಿರಿದು ಹುಣ್ಣು ಅಗಲವಾಗುತ್ತದೆ.

ಇಷ್ಟೆಲ್ಲದರ ನಡುವೆ ಅವರು ನಡೆಯುತ್ತಲೇ ಇದ್ದರು, ತೋಟಕ್ಕೆ, ಸೊಸೈಟಿಗೆ, ಒಂದು ಮದುವೆಗೆ. ಬಲಗಾಲಿನ ಮೇಲ್ಪದರದ ಬೊಕ್ಕೆಗಳು ತಾವಾಗಿ ಒಣಗಿದವು. ಎಡಗಾಲಿನದು ಮಾತ್ರ ಭಾರ ಬೀಳುವ ಜಾಗದಲ್ಲಿತ್ತು, ಅಲ್ಲಿ ಮೊದಲೇ ಆಣಿಗಟ್ಟಿದ ದಪ್ಪ ಚರ್ಮವೂ ಇತ್ತು. ಒಂಬತ್ತನೆಯ ದಿನ ಕಾಲಿನ ವಾಸನೆ ಬಂದದ್ದು ಮಂಗಳೂರಿನಿಂದ ಮನೆಗೆ ಬಂದಿದ್ದ ಮಗಳಿಗೆ.

ಪರೀಕ್ಷೆಯಲ್ಲಿ ಕಂಡದ್ದು

ತೂಕ 66 ಕಿಲೊ. ಜ್ವರ 37.9 ಡಿಗ್ರಿ ಸೆಲ್ಸಿಯಸ್, ನಾಡಿ 88. ಆ ಹೊತ್ತಿನ ಸಕ್ಕರೆ 312, ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ 10.4. ಬಿಳಿ ರಕ್ತಕಣ 11,400. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 1.1. ಹುಣ್ಣಿನ ಸುತ್ತ ಕೆಂಪು ಎರಡೂವರೆ ಸೆಂಟಿಮೀಟರಿನಷ್ಟು ಹರಡಿತ್ತು, ಮುಟ್ಟಿದರೆ ಬಿಸಿ.

ಸಕ್ಕರೆ ಕಾಯಿಲೆಯ ಪಾದದ ಸೋಂಕನ್ನು ತೂಗುವ ಅಳತೆಗೋಲು ಸರಳವಾಗಿದೆ, ರೋಗಿಯ ಮನೆಯವರೂ ಅರಿತರೆ ಒಳ್ಳೆಯದು. ಕೆಂಪು 2 ಸೆಂಟಿಮೀಟರಿಗಿಂತ ಕಡಿಮೆ, ಚರ್ಮದ ಮೇಲ್ಪದರದಲ್ಲಷ್ಟೇ ಇದ್ದರೆ ಸೌಮ್ಯ. 2 ಸೆಂಟಿಮೀಟರ್ ಮುಟ್ಟಿದರೆ ಅಥವಾ ಸೋಂಕು ಆಳಕ್ಕೆ ಇಳಿದಿದ್ದರೆ ಮಧ್ಯಮ. ಅದರ ಜೊತೆ ಜ್ವರ 38 ದಾಟಿದ್ದು, ನಾಡಿ 90 ಮೀರಿದ್ದು, ಉಸಿರು ನಿಮಿಷಕ್ಕೆ 20 ದಾಟಿದ್ದು, ಬಿಳಿ ರಕ್ತಕಣ 12,000 ಮೀರಿದ್ದು, ಇವುಗಳಲ್ಲಿ ಎರಡು ಸೇರಿದರೆ ತೀವ್ರ, ಅಂದರೆ ಅದೇ ದಿನ ದಾಖಲಾಗಬೇಕು. ಇವರದು ತೀವ್ರದ ಹೊಸ್ತಿಲಲ್ಲಿದ್ದ ಮಧ್ಯಮ ಸೋಂಕು. ಸಕ್ಕರೆ 300 ದಾಟಿತ್ತು, ಮನೆಯಲ್ಲಿ ಕಾಲು ಊರದೆ ಇರುವವರಲ್ಲ ಎಂಬುದೂ ಸ್ಪಷ್ಟವಿತ್ತು. ಹಾಗಾಗಿ ದಾಖಲಿಸಿಕೊಂಡರು.

ನರದ ಪರೀಕ್ಷೆಗೆ ಹತ್ತು ಗ್ರಾಂ ಮಾನೋಫಿಲಮೆಂಟ್ ಬಳಸಿದರು. ಇದೊಂದು ನೈಲಾನ್ ಎಳೆ. ಹತ್ತು ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುತ್ತದೆ, ಬಾಗುವಷ್ಟು ಒತ್ತಿದರೂ ತಿಳಿಯದಿದ್ದರೆ ಕಾಪಾಡುವಷ್ಟು ಸಂವೇದನೆ ಉಳಿದಿಲ್ಲ ಎಂದರ್ಥ. ಹೆಬ್ಬೆರಳ ತುದಿ, ಒಂದನೆಯ, ಮೂರನೆಯ, ಐದನೆಯ ಬೆರಳ ಬುಡ, ಎಲ್ಲಿಯೂ ಅವರಿಗೆ ತಿಳಿಯಲಿಲ್ಲ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನ ಕಂಪನ ಕಣಕಾಲಿನವರೆಗೂ ಗೊತ್ತಾಗಲಿಲ್ಲ.

ರಕ್ತ ಸಂಚಾರ ಚೆನ್ನಾಗಿತ್ತು, ಅದು ಅವರ ಪುಣ್ಯ. ಪಾದದ ಮೇಲಿನ ನಾಡಿ ಕೈಗೆ ಸಿಗುತ್ತಿತ್ತು. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 1.05 ಬಂತು. 0.9 ಕ್ಕಿಂತ ಕಡಿಮೆ ಬಂದಿದ್ದರೆ ನಾಳ ಸಣ್ಣಗಾಗಿದೆ ಎಂದು ನಾಳತಜ್ಞರಿಗೆ ತೋರಿಸಬೇಕಾಗುತ್ತಿತ್ತು, ಏಕೆಂದರೆ ರಕ್ತ ತಲುಪದ ಹುಣ್ಣು ಯಾವ ಔಷಧಕ್ಕೂ ಮುಚ್ಚುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಈ ಅನುಪಾತ 1.3 ದಾಟಿ ತೋರುವುದೂ ಉಂಟು, ಆಗ ಅದನ್ನು ನಂಬದೆ ಕಾಲ್ಬೆರಳಿನ ರಕ್ತದೊತ್ತಡ ನೋಡುತ್ತಾರೆ.

ಡ್ರೆಸಿಂಗ್ ಕೋಣೆಯಲ್ಲಿ ಸತ್ತ ಚರ್ಮವನ್ನೂ ಸುತ್ತಲ ಆಣಿಯನ್ನೂ ಬ್ಲೇಡಿನಿಂದ ತೆಗೆದಾಗ ಹುಣ್ಣಿನ ನಿಜವಾದ ಗಾತ್ರ ಬಯಲಾಯಿತು: 3.2 ಸೆಂಟಿಮೀಟರ್ ಉದ್ದ, 2.4 ಅಗಲ. ಹೊರಗೆ ಕಂಡದ್ದು ಒಂದು ರೂಪಾಯಿ ನಾಣ್ಯದಷ್ಟೂ ಇರಲಿಲ್ಲ. ಶುದ್ಧ ಲೋಹದ ಕಡ್ಡಿಯನ್ನು ಮೆಲ್ಲಗೆ ಇಳಿಸಿ ನೋಡಿದರೆ ಮೂಳೆ ತಾಗಲಿಲ್ಲ. ಕಡ್ಡಿಗೆ ಕಲ್ಲಿನಂತೆ ಏನಾದರೂ ಟಕ್ಕೆಂದು ತಾಗಿದ್ದರೆ ಮೂಳೆ ಸೋಂಕಿನ ಶಂಕೆ ಗಟ್ಟಿಯಾಗಿ, ಚಿಕಿತ್ಸೆ ಆರು ವಾರಕ್ಕೆ ಹಿಗ್ಗುತ್ತಿತ್ತು. ಎಕ್ಸ್‌ರೇಯೂ ಸರಿಯಿತ್ತು, ಆದರೆ ಮೂಳೆ ಕೆಟ್ಟದ್ದು ಎಕ್ಸ್‌ರೇಯಲ್ಲಿ ಕಾಣಲು ಎರಡು ಮೂರು ವಾರ ಹಿಡಿಯುವುದರಿಂದ ಮೂರನೆಯ ವಾರ ಇನ್ನೊಮ್ಮೆ ತೆಗೆಸಿದರು. ಕಲ್ಚರಿಗೆ ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸದೆ, ತೊಳೆದು ಸ್ವಚ್ಛ ಮಾಡಿದ ಮೇಲೆ ಆಳದ ತುಣುಕನ್ನು ಕಳಿಸಿದರು. ಮೇಲಿನ ಕೀವಿನಲ್ಲಿ ಹುಣ್ಣಿಗೆ ಸಂಬಂಧವಿಲ್ಲದ ಹತ್ತು ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಎಲ್ಲಕ್ಕೂ ಔಷಧ ಕೊಡುವ ತಪ್ಪು ಅಲ್ಲಿಂದ ಶುರುವಾಗುತ್ತದೆ.

ಇನ್ನೊಂದು ವರದಿ ಅನಿರೀಕ್ಷಿತವಾಗಿತ್ತು: ವಿಟಮಿನ್ ಬಿ12 ಕೇವಲ 168. ಮೀನು, ಮೊಟ್ಟೆ ಮುಟ್ಟದ ಮನೆ, ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷದ ಮೆಟ್‌ಫಾರ್ಮಿನ್ ಮಾತ್ರೆ. ಈ ಮಾತ್ರೆ ದೀರ್ಘಕಾಲದಲ್ಲಿ ಬಿ12 ಹೀರುವಿಕೆಯನ್ನು ತಗ್ಗಿಸುತ್ತದೆ, ಬಿ12 ಕೊರತೆ ತಾನೇ ನರವನ್ನು ಕೆಡಿಸುತ್ತದೆ. ಹಾಗೆಂದು ಮಾತ್ರೆ ಬಿಡಬೇಕಾಗಿಲ್ಲ, ಬಿ12 ತುಂಬಿಸಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಸ್ಯಾಹಾರಿಗಳು ಈ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲೇಬೇಕು.

ಆಸ್ಪತ್ರೆಯ ಆರು ದಿನ

ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಆ್ಯಂಟಿಬಯಾಟಿಕ್ 1.2 ಗ್ರಾಂ, ಎಂಟು ಗಂಟೆಗೊಮ್ಮೆ ರಕ್ತನಾಳಕ್ಕೆ. ಕಲ್ಚರಿನಲ್ಲಿ ಸಾಮಾನ್ಯ ಔಷಧಕ್ಕೆ ಬಗ್ಗುವ ಸ್ಟೆಫಿಲೊಕಾಕಸ್ ಬಂದದ್ದರಿಂದ ಅದನ್ನೇ ಮುಂದುವರಿಸಿ, ಕೆಂಪು ಇಳಿದ ಮೇಲೆ 625 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು, ಒಟ್ಟು 14 ದಿನ. ಟೆಟನಸ್ ಚುಚ್ಚುಮದ್ದು. ಬೆಳಿಗ್ಗೆ 16, ರಾತ್ರಿ 10 ಯೂನಿಟ್ ಮಿಶ್ರ ಇನ್ಸುಲಿನ್, ಜೊತೆಗೆ ಮೆಟ್‌ಫಾರ್ಮಿನ್.

ಇನ್ಸುಲಿನ್ ಎಂದಾಗ ಮನೆಯವರು ಹೆದರಿದರು. "ಒಮ್ಮೆ ಶುರು ಮಾಡಿದರೆ ಬಿಡಲಿಕ್ಕಿಲ್ಲವಂತೆ" ಎಂಬ ಮಾತು ಊರಿಗೆ ಊರೇ ನಂಬಿದ್ದು. ಸೋಂಕಿನ ಕಾಲದಲ್ಲಿ ದೇಹ ಸಕ್ಕರೆಯನ್ನು ಏರಿಸುವ ಹಾರ್ಮೋನುಗಳನ್ನು ಸುರಿಸುತ್ತದೆ, ಮಾತ್ರೆ ಸಾಲುವುದಿಲ್ಲ. ಏರಿದ ಸಕ್ಕರೆಯಲ್ಲಿ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಹುಣ್ಣು ಮುಚ್ಚಿದ ಮೇಲೆ ಅನೇಕರಿಗೆ ಇನ್ಸುಲಿನ್ ಇಳಿಸಲು, ಕೆಲವರಿಗೆ ನಿಲ್ಲಿಸಲು ಆಗುತ್ತದೆ. ಚುಚ್ಚುವುದನ್ನು ಮಗಳಿಗೂ ಹೆಂಡತಿಗೂ ಕಲಿಸಿದರು: ಹೊಟ್ಟೆಯ ಮೇಲೆ ಹೊಕ್ಕುಳಿಂದ ಎರಡು ಬೆರಳು ದೂರ, ದಿನವೂ ಜಾಗ ಬದಲಿಸಿ, ಮೋಡದ ಬಣ್ಣದ ಇನ್ಸುಲಿನ್ ಆದ್ದರಿಂದ ಬಾಟಲಿಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಬೇಕು.

ಊಟದಲ್ಲಿ ಬದಲಾದದ್ದು ಗಂಜಿಯ ಪ್ರಮಾಣ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದೆಂಬ ನಂಬಿಕೆಯಲ್ಲಿ ಅವರು ಮೂರು ಹೊತ್ತೂ ಬಟ್ಟಲು ತುಂಬ ಉಣ್ಣುತ್ತಿದ್ದರು. ಸಕ್ಕರೆ ಏರುವ ವೇಗ ಸ್ವಲ್ಪ ಕಡಿಮೆ ನಿಜ, ಆದರೆ 150 ಗ್ರಾಂ ಅನ್ನದಲ್ಲಿ 40 ಗ್ರಾಮಿನ ಆಸುಪಾಸು ಪಿಷ್ಟ ಅದರಲ್ಲೂ ಇದೆ. ಹೊತ್ತಿಗೆ ಒಂದು ಅಳತೆ ಲೋಟ, ಜೊತೆಗೆ ಹುಣ್ಣು ಮುಚ್ಚಲು ಬೇಕಾದ ಪ್ರೋಟೀನಿಗೆ ಹೆಸರುಕಾಳು, ಹುರುಳಿ, ಮೊಸರು. ಎಲೆಯಡಿಕೆಯ ಹೊಗೆಸೊಪ್ಪು ನಿಲ್ಲಿಸಲು ಹೇಳಿದರು, ನಿಲ್ಲಿಸಿದರು.

ಭಾರ ಇಳಿಸುವುದು

ಇಷ್ಟಾದ ಮೇಲೆ ಹುಣ್ಣು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಪಾದಗಳು ಕೈತಪ್ಪುವುದು ಇಲ್ಲಿಯೇ.

ಅಂಗಾಲಿನ ಹುಣ್ಣಿಗೆ ಮೊದಲ ಔಷಧ ಭಾರ ಇಳಿಸುವುದು. ಮುಲಾಮು, ಡ್ರೆಸಿಂಗ್ ಆಮೇಲಿನದು. ಅದಕ್ಕೆ ಉತ್ತಮ ಸಾಧನ ರೋಗಿ ತಾನೇ ಬಿಚ್ಚಲಾಗದಂಥ, ಮೊಣಕಾಲಿನ ಕೆಳಗಿನವರೆಗೆ ಬರುವ ಪ್ಲಾಸ್ಟರ್. ಇದು ಕಾಲಿನ ಆಕಾರಕ್ಕೆ ಎಲ್ಲೆಡೆ ಸಮವಾಗಿ ಅಂಟಿಕೊಂಡು, ಹುಣ್ಣಿನ ಮೇಲಿನ ಭಾರವನ್ನು ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚುತ್ತದೆ. ಕುಷ್ಠರೋಗಿಗಳ ಸಂವೇದನೆಯಿಲ್ಲದ ಪಾದಗಳಿಗೆ ಈ ವಿಧಾನ ಬಹಳ ಬಳಕೆಯಾಯಿತು. 1946 ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಆ ರೋಗಿಗಳ ಬೆರಳು, ಪಾದಗಳು ನಷ್ಟವಾಗುವುದಕ್ಕೆ ಬಹುಪಾಲು ಕಾರಣ ನೋವು ತಿಳಿಯದೆ ಆಗುವ ಗಾಯಗಳು ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಪಾಠ ಅನ್ವಯಿಸಿತು.

ಸೋಂಕು ಇಳಿದ ಕೂಡಲೇ ಪ್ಲಾಸ್ಟರ್ ಹಾಕುವ ಸಲಹೆ ಬಂತು. "ಕುಟುಂಬದ ಮನೆಯಲ್ಲಿ ನೇಮ ಉಂಟು, ಅದು ಮುಗಿಯಲಿ, ಮತ್ತೆ ಹಾಕುವ" ಎಂದರು. ನೇಮವೆಂದರೆ ಮನೆತನದ ದೈವಕ್ಕೆ ಸಲ್ಲಿಸುವ ಉತ್ಸವ. ಆಗ ಕೊಟ್ಟದ್ದು ಬಿಚ್ಚಿ ಹಾಕಬಹುದಾದ, ಹಿಮ್ಮಡಿಯ ಮೇಲೆ ಭಾರ ಕೂರಿಸುವ ಅರ್ಧ ಬೂಟು. ಮನೆಯ ಡ್ರೆಸಿಂಗ್ ಕ್ರಮವೂ ಸರಿಯಾಗಿತ್ತು: ಸಲೈನಿನಲ್ಲಿ ತೊಳೆದು, ಅಂಟದ ಪ್ಯಾರಫಿನ್ ಗಾಸ್ ಬಟ್ಟೆ, ಮೇಲೆ ದಪ್ಪ ಗಾಸ್ ಬಟ್ಟೆ, ಸಡಿಲ ಬ್ಯಾಂಡೇಜು, ಒದ್ದೆಯಾದರೆ ಕೂಡಲೇ ಬದಲು. ಹೈಡ್ರೋಜನ್ ಪೆರಾಕ್ಸೈಡ್ ಇಲ್ಲ, ಪುಡಿ ಇಲ್ಲ.

ಮೂರು ವಾರದ ಬಳಿಕ ಅಳೆದರೆ 3.0 ಕ್ಕೆ 2.3. ಉದ್ದ, ಅಗಲ ಗುಣಿಸಿದರೆ 7.7 ಇದ್ದದ್ದು 6.9 ಆಗಿತ್ತು. ಸರಿದಾರಿಯಲ್ಲಿರುವ ಹುಣ್ಣು ನಾಲ್ಕು ವಾರದಲ್ಲಿ ಅರ್ಧಕ್ಕಿಳಿಯಬೇಕು. ಇಳಿಯದಿದ್ದರೆ ಅದೇ ಚಿಕಿತ್ಸೆ ಮುಂದುವರಿಸಿ ಕಾಯುವುದು ತಪ್ಪು, ಏನೋ ಒಂದು ಕಾರಣ ಉಳಿದಿದೆ. ಸಕ್ಕರೆ ಬೆಳಿಗ್ಗೆ 130 ರ ಹತ್ತಿರವಿತ್ತು, ಕೆಂಪು ಇರಲಿಲ್ಲ, ಎರಡನೆಯ ಎಕ್ಸ್‌ರೇ ಸರಿಯಿತ್ತು. ಆದರೆ ಹುಣ್ಣಿನ ಅಂಚಿನಲ್ಲಿ ಹೊಸ ಆಣಿ ಕಟ್ಟಿತ್ತು, ಒತ್ತಡವಿಲ್ಲದೆ ಆಣಿ ಕಟ್ಟುವುದಿಲ್ಲ. ಬೂಟನ್ನು ತಿರುಗಿಸಿ ನೋಡಿದರೆ ಅಡಿ ಹೊಸದರಂತೆ ಹೊಳೆಯುತ್ತಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಹೊರಗೆ ಹೋಗುವಾಗ ಬೂಟು ಹಾಕುತ್ತಿದ್ದರು. ಮನೆಯೊಳಗೆ? ನಮ್ಮ ಮನೆಗಳಲ್ಲಿ ಮೆಟ್ಟಿನ ಜಾಗ ಜಗಲಿಯ ಕೆಳಗೆ. ಮಲಗುವ ಕೋಣೆಯಿಂದ ಬಚ್ಚಲಿಗೆ 22 ಹೆಜ್ಜೆ, ಹೋಗಿ ಬಂದರೆ 44, ಅದರಲ್ಲಿ ಎಡಗಾಲಿನ ಪಾಲು 22. ದಿನಕ್ಕೆ ಎಂಟು ಸಲವೆಂದರೆ ಬಚ್ಚಲಿಗೆ ಹೋದದ್ದರಿಂದಲೇ ಹುಣ್ಣಿನ ಮೇಲೆ 176 ಪೆಟ್ಟು. ಇಡೀ ದಿನ ಕೂತು ಕಳೆದವರೂ ಈ ಲೆಕ್ಕದಲ್ಲಿ ಸೋಲುತ್ತಾರೆ. ನೋವಿದ್ದವನು ಹಿಮ್ಮಡಿಯಲ್ಲಿ ಕುಂಟಿಕೊಂಡಾದರೂ ಹೋಗುತ್ತಾನೆ, ನೋವಿಲ್ಲದವನು ಪೂರ್ತಿ ಪಾದ ಊರುತ್ತಾನೆ. ಇದನ್ನು ರೋಗಿಯ ಹಟ ಎಂದು ಬೈಯುವುದು ಅನ್ಯಾಯ. ತಿಳಿಯದ್ದನ್ನು ನೆನಪಿನ ಬಲದಿಂದಲೇ ದಿನಕ್ಕೆ ನೂರು ಸಲ ತಪ್ಪಿಸು ಎನ್ನುವ ಸಲಹೆಯೇ ದುರ್ಬಲವಾದದ್ದು.

ನೇಮ ಮುಗಿದಿತ್ತು, ಪ್ಲಾಸ್ಟರ್ ಹಾಕಿದರು. ಹುಣ್ಣಿಗೆ ತೆಳು ಡ್ರೆಸಿಂಗ್, ಬೆರಳುಗಳ ನಡುವೆ ಹತ್ತಿ, ಕಣಕಾಲಿನ ಗಂಟು ಮತ್ತು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಫೆಲ್ಟ್ ತುಂಡು, ಅದರ ಮೇಲೆ ತೆಳುವಾದ ಮೆತ್ತೆ, ಆಮೇಲೆ ಪ್ಲಾಸ್ಟರ್ ಪದರಗಳು, ಅಡಿಗೆ ನಡೆಯಲು ರಬ್ಬರ್ ತುಂಡು. ಬಾವು ಇಳಿದು ಪ್ಲಾಸ್ಟರ್ ಸಡಿಲವಾಗಿ ಉಜ್ಜುತ್ತದೆ, ಆದ್ದರಿಂದ ಮೊದಲನೆಯದನ್ನು ಮೂರನೆಯ ದಿನವೇ ಬಿಚ್ಚಿ ಹೊಸದು ಹಾಕಿದರು, ಬಳಿಕ ವಾರಕ್ಕೊಮ್ಮೆ. ಪ್ಲಾಸ್ಟರಿನಿಂದ ಎಡಗಾಲು ಎತ್ತರವಾಗಿ ಸೊಂಟ ನೋಯದಂತೆ ಬಲಗಾಲಿನ ಚಪ್ಪಲಿಗೂ ಅಷ್ಟೇ ದಪ್ಪದ ಅಡಿ ಹಚ್ಚಿಸಿದರು. ಸ್ನಾನಕ್ಕೆ ಕುರ್ಚಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ಟೂಲಿನ ಮೇಲೆ. ಪ್ಲಾಸ್ಟರ್ ಒದ್ದೆಯಾದರೆ, ಒಡೆದರೆ, ವಾಸನೆ ಬಂದರೆ, ಬೆರಳು ನೀಲಿಯಾದರೆ, ಜ್ವರ ಬಂದರೆ, ಕಾರಣವಿಲ್ಲದೆ ಸಕ್ಕರೆ ಏರಿದರೆ ಅದೇ ದಿನ ಬರಬೇಕೆಂದು ಕಾಗದದಲ್ಲಿ ಬರೆದುಕೊಟ್ಟರು. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ನೋವಿಲ್ಲದ ಕಾಲಿನ ಸೋಂಕನ್ನು ಮೊದಲು ಹೇಳುವುದು ಎಷ್ಟೋ ಸಲ ಗ್ಲುಕೋಮೀಟರ್.

ಒಂದು ವಾರಕ್ಕೆ 2.5 ಕ್ಕೆ 2. ಎರಡನೆಯ ವಾರ 2 ಕ್ಕೆ 1.6. ಪ್ರತಿ ಸಲವೂ ಅಂಚಿನ ಆಣಿ ಕೆತ್ತಿ ಫೋಟೊ ತೆಗೆದು ಹೋಲಿಸುತ್ತಿದ್ದರು. ಏಳನೆಯ ವಾರದ ಕೊನೆಗೆ ಹುಣ್ಣು ಮುಚ್ಚಿತು. ಔಷಧ ಬದಲಾಗಿರಲಿಲ್ಲ, ಡ್ರೆಸಿಂಗ್ ಬದಲಾಗಿರಲಿಲ್ಲ.

ಮುಚ್ಚಿದ ಮೇಲೆ

ಮುಚ್ಚಿದ ಹುಣ್ಣುಗಳಲ್ಲಿ ಸುಮಾರು 40 ಶೇಕಡಾ ಒಂದು ವರ್ಷದೊಳಗೆ ಮತ್ತೆ ತೆರೆಯುತ್ತವೆ, ಐದು ವರ್ಷದಲ್ಲಿ ಸುಮಾರು 65. ನರ ಸತ್ತ ಜಾಗ ಹಾಗೆಯೇ ಇದೆ, ಮೂಳೆಯ ಆಕಾರ ಹಾಗೆಯೇ ಇದೆ. ಅದಕ್ಕೇ ಈ ಹಂತವನ್ನು ಗುಣ ಎನ್ನದೆ ವಿರಾಮ ಎಂದು ಕರೆಯುವ ವೈದ್ಯರ ಮಾತು ಸರಿ.

ಎರಡು ಜೊತೆ ಪಾದರಕ್ಷೆ ಮಾಡಿಸಿದರು, ಒಂದು ಹೊರಗೆ, ಒಂದು ಮನೆಯೊಳಗೆ ಮಾತ್ರ. ಒಳಗಿನದನ್ನು ದೇವರ ಕೋಣೆಯ ಹೊಸ್ತಿಲವರೆಗೂ ಹಾಕಬಹುದೆಂದು ಹಿರಿಯರೇ ಒಪ್ಪಿದ್ದು ದೊಡ್ಡ ಸಹಾಯವಾಯಿತು. ಒಳಮೆತ್ತೆ ಎಂಸಿಆರ್ ಎಂಬ ಮೆದು ರಬ್ಬರ್, 10 ಮಿಲಿಮೀಟರ್ ದಪ್ಪ, ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಏಳಬೇಕು. ಅಡಿ ಗಟ್ಟಿ, ಮುಳ್ಳು ಹಾಯದಂತೆ. ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ ಚಪ್ಪಲಿ ಬೇಡ: ಆ ಪಟ್ಟಿ ಸಂದಿಯನ್ನು ಉಜ್ಜುತ್ತದೆ, ಅದು ಕಳಚದಂತೆ ಬೆರಳು ಬಿಗಿಹಿಡಿಯಬೇಕಾಗುತ್ತದೆ, ಜೋಮು ಹಿಡಿದ ಕಾಲಿನಿಂದ ಅದು ಜಾರಿಬಿದ್ದರೂ ತಿಳಿಯುವುದಿಲ್ಲ. ಹಿಂಬದಿ ಪಟ್ಟಿ ಇರಬೇಕು, ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗವಿರಬೇಕು. ಅಳತೆ ಕೊಡುವುದು ಸಂಜೆ, ಪಾದ ಸ್ವಲ್ಪ ಬಾತಿರುವ ಹೊತ್ತಿಗೆ. ಹೊಸದನ್ನು ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ, ಕೆಂಪು ಕಂಡಿತೇ ನೋಡಬೇಕು. ಹಾಕುವ ಮುನ್ನ ಪ್ರತಿ ಸಲ ಕೈ ಹಾಕಿ ಒಳಗೆ ಕಲ್ಲು, ಮೊಳೆ ನೋಡಬೇಕು.

ದಿನದ ಪಾದ ಪರೀಕ್ಷೆಗೆ ಮನೆಯವರು ಆರಿಸಿಕೊಂಡ ಹೊತ್ತು ರಾತ್ರಿ ಊಟದ ಮುಂಚೆ, ಇನ್ಸುಲಿನ್ ಹಾಕುವ ಹೊತ್ತಿಗೇ. ಹೆಂಡತಿ ಬೆಳಕು ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡುತ್ತಾರೆ, ಬಳಿಕ ಅಂಗೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ ಬಿಸಿ ಹೋಲಿಸುತ್ತಾರೆ. ಒಂದೇ ಜಾಗ ಎರಡು ಕಾಲಿನಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ತೋರಿದರೆ ಅಲ್ಲಿ ಹುಣ್ಣಾಗುವ ಮೊದಲಿನ ಉರಿಯೂತವಿದೆ ಎಂದರ್ಥ. ಕೈಗೆ ಅಳತೆ ಸಿಗದಿದ್ದರೂ ಸ್ಪಷ್ಟ ವ್ಯತ್ಯಾಸ ಸಿಗುತ್ತದೆ. ಇಡೀ ಪಾದ ಕೆಂಪಾಗಿ, ಬಿಸಿಯಾಗಿ ಬಾತು ಹುಣ್ಣೇ ಇಲ್ಲದಿದ್ದರೆ ಒಳಗಿನ ಮೂಳೆಗಳು ಕುಸಿಯುತ್ತಿರಬಹುದು, ಅದಕ್ಕೆ ಎಣ್ಣೆ ತಿಕ್ಕಿ ನೀವಬಾರದು, ಕಾಲು ಊರದೆ ಆಸ್ಪತ್ರೆಗೆ ಹೋಗಬೇಕು.

ಸ್ನಾನದ ನೀರನ್ನು ಮೊಣಕೈಯಲ್ಲಿ ನೋಡುವುದು, ಮನೆಯ ಇನ್ನೊಬ್ಬರದಾದರೆ ಇನ್ನೂ ಒಳ್ಳೆಯದು. ತೆಂಗಿನೆಣ್ಣೆ ಹಿಮ್ಮಡಿಗೂ ಅಂಗಾಲಿಗೂ ದಿನವೂ ಹಚ್ಚಲಿ, ಬೆರಳ ಸಂದಿಗೆ ಬೇಡ. ಜೂನ್ ಬಂದರೆ ಆರು ತಿಂಗಳ ಸಮಸ್ಯೆ ತಲೆಕೆಳಗಾಗುತ್ತದೆ: ಒಣ ಒಡಕು ಹೋಗಿ ಒದ್ದೆ ಸಂದಿ ಬರುತ್ತದೆ. ಮಳೆಗಾಲದಲ್ಲಿ ಸಂದಿಗಳನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಬೇಕು. ಬೆಳ್ಳಗೆ ನೆನೆದು ಬಿರಿದಿದ್ದರೆ ಅದು ಶಿಲೀಂಧ್ರ, ಅದಕ್ಕೆ ಮುಲಾಮು ಬೇಕು. ರಬ್ಬರ್ ಬೂಟಿನಲ್ಲಿ ನೀರು ಇಳಿದರೆ ಕೂಡಲೇ ಬಿಚ್ಚಬೇಕು. ಉಗುರು ನೇರವಾಗಿ ಕತ್ತರಿಸಬೇಕು, ಮೂಲೆ ಅಗೆಯಬಾರದು. ಆಣಿಗೆ ಅಂಗಡಿಯ ಆಣಿಪಟ್ಟಿ ಅಂಟಿಸಬಾರದು, ಅದರಲ್ಲಿನ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ದೇವಸ್ಥಾನ ಬಿಡಬೇಕೆಂದು ಯಾರೂ ಹೇಳಲಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ, ಒಳ ಪ್ರದಕ್ಷಿಣೆ ಮಾತ್ರ, ಬಂದ ಕೂಡಲೇ ಪಾದ ನೋಡುವುದು. ಅಡಿಕೆ ಮಗುಚಲು ಉದ್ದ ಹಿಡಿಯ ಮರದ ಹಲಗೆ, ಬೆಳಿಗ್ಗೆ ಒಂಬತ್ತಕ್ಕೆ, ಅಂಗಳಕ್ಕೆಂದೇ ತೊಳೆದಿಟ್ಟ ಒಂದು ಜೊತೆ ಚಪ್ಪಲಿ.

ಮನೆಯಲ್ಲಿ ಇನ್ನಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅವರ ನರ ಹೇಗಿದೆ ಎಂದು ನೋಡಲು ಯಾವ ಸಾಧನವೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಸ್ಪರ್ಶ ಪರೀಕ್ಷೆ ಇದು: ಅವರು ಕಣ್ಣು ಮುಚ್ಚಲಿ. ನೀವು ತೋರುಬೆರಳಿನಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ಯಾವ ಕಾಲು ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಪಾದವನ್ನು ಇನ್ನು ಕಣ್ಣಿನಿಂದ ಕಾಯಬೇಕು. ಈ ಕೃಷಿಕರ ಅಣ್ಣನಿಗೆ ಮಗಳು ಇದನ್ನು ಮಾಡಿ ನೋಡಿದಾಗ ನಾಲ್ಕು ತಪ್ಪಿದವು. ಅವರ ಪಾದದಲ್ಲಿ ಇನ್ನೂ ಹುಣ್ಣಿರಲಿಲ್ಲ, ಆ ವಾರವೇ ಪಾದರಕ್ಷೆಗೆ ಅಳತೆ ಕೊಟ್ಟರು.

ಅಕ್ಟೋಬರಿನ ಒಂದು ರಾತ್ರಿ ಹೆಂಡತಿಗೆ ಹಳೆಯ ಗಾಯದ ಪಕ್ಕದಲ್ಲಿ, ಎರಡನೆಯ ಬೆರಳ ಬುಡದಲ್ಲಿ, ಒತ್ತಿದರೂ ಮಾಸದ ಕಡುಕೆಂಪು ಚುಕ್ಕೆ ಕಂಡಿತು. ಅವರಿಗೆ ನೋವಿರಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಆಣಿ ಕೆತ್ತಿದಾಗ ಒಳಗೆ ರಕ್ತ ಹೆಪ್ಪುಗಟ್ಟಿತ್ತು, ಚರ್ಮ ಒಡೆದಿರಲಿಲ್ಲ. ಚಪ್ಪಲಿಯ ಒಳಮೆತ್ತೆಯನ್ನು ಕಳಚಿ ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ 10 ಮಿಲಿಮೀಟರ್ ಇದ್ದದ್ದು ತುಳಿದು ತುಳಿದು ಅರ್ಧಕ್ಕಿಳಿದಿತ್ತು. ಮೆತ್ತೆ ಬದಲಿಸಿ, ಆ ಮೂಳೆಯ ಹಿಂದೆ ಸಣ್ಣ ಉಬ್ಬು ಕೂರಿಸಿಕೊಟ್ಟು, ಎರಡು ವಾರ ನಡಿಗೆ ಕಡಿಮೆ ಮಾಡಲು ಹೇಳಿ ಕಳಿಸಿದರು. ಮುಂದಿನ ಭೇಟಿಯಲ್ಲಿ ಚುಕ್ಕೆ ಇರಲಿಲ್ಲ. ಮೆತ್ತೆಯನ್ನು ಆರು ತಿಂಗಳಿಗೊಮ್ಮೆ ಬದಲಿಸಲು ಚೀಟಿಯಲ್ಲಿ ಹೊಸದಾಗಿ ಸೇರಿಸಿದರು.